ಗಿರಾಕಿಯ ಅಳತೆಯ ಇಂಗ್ಲಿಷ್

ನನ್ನ ಬಳಿ ಏಳು ಇಂಗ್ಲಿಷ್ ಇವೆ. ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಯಾರು ಒಳಗೆ ಬರುತ್ತಾರೆ ಅಂತ ನೋಡಿ, ಆಮೇಲೆ ಯಾವುದನ್ನು ಹೊರಗೆ ತೆಗೆಯುವುದು ಅಂತ ತೀರ್ಮಾನಿಸುತ್ತೇನೆ.

ದುಬೈಯ ಅಲ್ ಮುರಕ್ಕಬಾತ್‌ನಲ್ಲಿ ನನ್ನದೊಂದು ಯೂನಿಫಾರ್ಮ್ ಅಂಗಡಿ. ಆಸ್ಪತ್ರೆ, ಹೋಟೆಲು, ಶಾಲೆ, ಯಾರಿಗೆ ಬೇಕಾದರೂ ಹೊಲಿಸಿಕೊಡುತ್ತೇನೆ. ಕಾಪುವಿನಿಂದ ಬಂದ ಹೊಸತರಲ್ಲಿ ಇದೇ ಬೀದಿಯಲ್ಲಿ ಬೇರೆಯವರ ಅಂಗಡಿಯಲ್ಲಿ ಬಟ್ಟೆ ಮಡಚಿಡುವ ಕೆಲಸ ಮಾಡುತ್ತಿದ್ದೆ. ಆಗ ನನ್ನ ಇಂಗ್ಲಿಷ್ ಅಂದರೆ ‘ಯೆಸ್’, ‘ನೋ’, ‘ಸೈಜ್ ಇಲ್ಲ’. ಉಳಿದದ್ದೆಲ್ಲ ಗಿರಾಕಿಗಳು ಕಲಿಸಿದ್ದು, ಅದೂ ಫೀಸಿಲ್ಲದೆ. ಈಜಿಪ್ಟಿನ ಹೋಟೆಲ್ ಮ್ಯಾನೇಜರ್ ಬಂದರೆ, “ಮುದೀರ್, ದಿಸ್ ಕ್ಲಾತ್ ಸೇಮ್ ಸೇಮ್ ಲಾಸ್ಟ್ ಟೈಮ್, ಬಟ್ ಮೋರ್ ಬೆಟರ್” ಅನ್ನುತ್ತೇನೆ; ಮುದೀರ್ ಅಂದರೆ ಅರಬಿಯಲ್ಲಿ ಮ್ಯಾನೇಜರ್. ಫಿಲಿಪೈನ್ಸಿನ ನರ್ಸ್ ಬಂದರೆ ದನಿ ತೆಳ್ಳಗಾಗಿ ಮೇಲಕ್ಕೆ ಹೋಗುತ್ತದೆ, “ಫಾರ್ ಅ ವೈಲ್, ಮಾಮ್.” ಸ್ವಲ್ಪ ಕಾಯಿರಿ ಅನ್ನುವುದಕ್ಕೆ ಅವರು ಹಾಗೆ ಹೇಳುವುದು. ಬ್ರಿಟಿಷ್ ಶಾಲೆಯ ಮೇಡಂ ಬಂದರೆ ಎಲ್ಲದಕ್ಕೂ ‘ಲವ್ಲಿ’. ಆ ಮೇಡಂ ‘ಐ ಆಮ್ ಅಫ್ರೇಡ್’ ಅಂದರೆ ಹೆದರಿದ್ದಾರೆ ಅಂತಲ್ಲ, ಇವತ್ತು ವ್ಯಾಪಾರ ಕುದುರುವುದಿಲ್ಲ ಅಂತ. ಇದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ನೀವು ಈಗಲೇ ತಿಳಿದುಕೊಳ್ಳಿ.

ಇದನ್ನು ಅಣಕ ಅಂತ ತಿಳಿಯಬೇಡಿ. ನಮ್ಮ ದೇರಾ ಪೇಟೆಯ ಅಂಗಡಿಗಳಲ್ಲಿ ಇದು ಮರ್ಯಾದೆ. ಬಂದವರು ಇಂಗ್ಲಿಷಿನಲ್ಲಿ ಎಲ್ಲಿ ಎಡವುತ್ತಾರೋ ಅಲ್ಲೇ ನಾವೂ ಒಮ್ಮೆ ಎಡವಬೇಕು. ಅವರೊಬ್ಬರೇ ಬಿದ್ದ ಹಾಗೆ ಆಗಬಾರದು. ಗಿರಾಕಿಯ ಅಳತೆಗೆ ಬಟ್ಟೆ ಹೊಲಿಯುವವಳು ಗಿರಾಕಿಯ ಅಳತೆಗೆ ಮಾತು ಹೊಲಿಯದಿದ್ದರೆ ಹೇಗೆ?

ಏಳರಲ್ಲಿ ಒಂದು ಮಾತ್ರ ನನಗೆ ಸರಿಯಾಗಿ ಕೂರಲೇ ಇಲ್ಲ. ಅದು ಅಮೆರಿಕದ್ದು. ಗಿರಾಕಿಗಳೇ ಕಡಿಮೆ. ಒಮ್ಮೆ ಒಬ್ಬ ಅಮೆರಿಕದ ಹೆಂಗಸು ಬಂದು ನಾನು ಎರಡು ಮಾತು ಆಡುವಷ್ಟರಲ್ಲಿ ಎದೆಗೆ ಕೈ ಇಟ್ಟುಕೊಂಡು, “ಐ ಲವ್ ಯುವರ್ ಆಕ್ಸೆಂಟ್!” ಅಂದರು. ಇಪ್ಪತ್ತು ವರ್ಷದಿಂದ ಕೌಂಟರಿನ ಹಿಂದೆ ನಿಂತವಳು ನಾನು. ಗಿರಾಕಿ ಹೊಗಳಿದರೆ ಡಿಸ್ಕೌಂಟ್ ಕೇಳುವವರಿದ್ದಾರೆ ಅಂತ ಅರ್ಥ. ತಕ್ಷಣ ಬಿಗಿಯಾದೆ. ಕೊನೆಗೆ ಆಕೆ ಒಂದು ಪೈಸೆಯನ್ನೂ ಬಿಡಿ ಅನ್ನದೆ ಹೇಳಿದ ಬೆಲೆ ಕೊಟ್ಟು ಹೋದರು. ನನಗೆ ಅವಮಾನವಾದ ಹಾಗಾಯಿತು. ಬರೀ ಹೊಗಳಲಿಕ್ಕೇ ಹೊಗಳಿದ್ದಾ? ಹಾಗಾದರೆ ನನ್ನ ಮಾತಿನಲ್ಲಿ ಹೊಗಳುವಂಥದ್ದು ಎಂತ ಇದೆ? ಗಿಳಿ ಮಾತಾಡಿದರೆ ಜನ ಹೊಗಳುತ್ತಾರಲ್ಲ, ಅಂಥದ್ದಾ?

ಈ ಅನುಮಾನ ನನ್ನ ತಲೆಯಲ್ಲಿ ಕೂತಿದ್ದ ಹೊತ್ತಿಗೇ ತಂಗಿಯ ಅಮೆರಿಕದ ವಿಷಯ ಬಂತು.

ನನ್ನ ತಂಗಿ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನರ್ಸ್. ಹನ್ನೆರಡು ವರ್ಷದ ಸರ್ವಿಸು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇನ್ನಿಬ್ಬರು ನರ್ಸುಗಳ ಜೊತೆ ಫ್ಲ್ಯಾಟ್. ಮದುವೆ ಬೇಡ ಅಂತ ತಾನೇ ತೀರ್ಮಾನ ಮಾಡಿದವಳು, ಯಾರ ಹತ್ತಿರವೂ ಜಾಸ್ತಿ ಮಾತಿಲ್ಲ. ಅಂಥವಳು ಮೂರು ವರ್ಷ ಗುಟ್ಟಾಗಿ ಓದಿ ಅಮೆರಿಕದ ನರ್ಸಿಂಗ್ ಪರೀಕ್ಷೆ ಪಾಸು ಮಾಡಿದ್ದಳು. ಪಾಸಾದ ಮೇಲೆಯೇ ನನಗೆ ಹೇಳಿದ್ದು.

“ಮೊದಲೇ ಎಂತಕ್ಕೆ ಹೇಳ್ಲಿಲ್ಲ?” ಅಂತ ಕೇಳಿದೆ.

“ಹೇಳಿದ್ರೆ ನೀನು ಸಲಹೆ ಕೊಡ್ತಿದ್ದಿ.”

ಈಗ ಉಳಿದದ್ದು ಒಂದೇ, ಅಲ್ಲಿಯ ಆಸ್ಪತ್ರೆಯವರ ಜೊತೆ ವೀಡಿಯೋದಲ್ಲಿ ಇಂಟರ್‌ವ್ಯೂ. ಅದು ಆದರೆ ವೀಸಾದ ಕಾಗದಪತ್ರ ಅವರೇ ಮಾಡುತ್ತಾರೆ. ಆಗದಿದ್ದರೆ ಇನ್ನೊಂದು ಆಸ್ಪತ್ರೆ ಸಿಗುವ ತನಕ ಕೂರಬೇಕು. ಅವಳಿಗೆ ನಲವತ್ತು ಹತ್ತಿರ ಬಂದಿತ್ತು. “ಈ ಸಲ ಆಗದಿದ್ರೆ ಬಿಟ್ಟೆ ಅಕ್ಕ, ಪುನಃ ಓದುವ ತಾಳ್ಮೆ ಇಲ್ಲ,” ಅಂದಳು. ಆ ಮಾತನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದಳೆಂದರೆ, ಅದು ಅವಳಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಯಿತು.

ಏಜೆನ್ಸಿಯವರು ಒಂದು ಮೇಲ್ ಕಳಿಸಿದ್ದರು. ಅಲ್ಲಿ ಪೇಷಂಟುಗಳು ನರ್ಸಿನ ಮಾತು ಅರ್ಥವಾಗುವುದಿಲ್ಲ ಅಂತ ದೂರು ಕೊಡುತ್ತಾರೆ, ಆದ್ದರಿಂದ ಆಕ್ಸೆಂಟ್ ಸುಧಾರಿಸಿಕೊಂಡರೆ ಒಳ್ಳೆಯದು ಅಂತ. ಮೇಲ್ ಓದಿದ್ದೇ ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ. ನನ್ನ ಅಂಗಡಿಯ ಹಿಂದಿನ ಕಟ್ಟಡದಲ್ಲೇ, ರೆಸ್ಟೋರೆಂಟಿನ ಮೇಲಿನ ಮಹಡಿಯಲ್ಲಿ, ಅಮೆರಿಕನ್ ಇಂಗ್ಲಿಷ್ ಕಲಿಸುವ ಒಂದು ಕ್ಲಾಸಿತ್ತು. ಮಾಸ್ತರರು ನಮ್ಮ ದೇಶದವರೇ, ಹಿಂದೆ ಅಮೆರಿಕದವರ ಫೋನು ಎತ್ತುವ ಕಾಲ್ ಸೆಂಟರಿನಲ್ಲಿ ಇದ್ದವರು. ಇಪ್ಪತ್ತು ಕ್ಲಾಸು ಒಟ್ಟಿಗೇ ತೆಗೆದುಕೊಳ್ಳಬೇಕು ಅಂದರು.

“ಸಾರ್, ನಾನು ಬಟ್ಟೆಯ ಥಾನು ಮಾರುವ ಮೊದಲು ತುಂಡು ತೋರಿಸ್ತೇನೆ. ನೀವೂ ತುಂಡು ತೋರಿಸಿ.”

ಹೀಗೆ ಒಂದು ಕ್ಲಾಸು ಬಿಟ್ಟಿಯಾಗಿ ಆಯಿತು. ಒಂದು ಗಂಟೆ ತಂಗಿ ನಾಲಿಗೆ ಮಡಚಿ ‘ವಾಟರ್’ ಅನ್ನುವುದನ್ನು ‘ವಾಡರ್’ ಅನ್ನಲು ಕಲಿತಳು. ಮೆಟ್ಟಿಲು ಇಳಿಯುವಾಗ ಅಂದಳು, “ಡಯಾಲಿಸಿಸ್ ಪೇಷಂಟಿಗೆ ನೀರೇ ಕಮ್ಮಿ ಕೊಡುದು. ಈ ವಾಡರ್ ಯಾರಿಗೆ?”

ನನಗೂ ಮಾಸ್ತರರ ಮಾಲು ಹಿಡಿಸಲಿಲ್ಲ. ಒಂದೇ ಅಳತೆಯ ರೆಡಿಮೇಡ್ ಅಂಗಿ. ಅಮೆರಿಕ ಅಷ್ಟು ದೊಡ್ಡ ದೇಶ, ಎಲ್ಲರೂ ಒಂದೇ ಥರ ಮಾತಾಡುತ್ತಾರೆ ಅಂತ ಯಾರು ಹೇಳಿದ್ದು? ಕಾಪುವಿನವರ ಮಾತೇ ಬೇರೆ, ಕುಂದಾಪುರದವರ ಮಾತೇ ಬೇರೆ. ನಾನೇ ಕಲಿಸುತ್ತೇನೆ ಅಂದೆ. ತಂಗಿ ಬೇಡ ಅಂದಳು. ನಾನು ಬಿಡಲಿಲ್ಲ. ಬೇಡ ಅಂದವರನ್ನು ಹೂಂ ಅನ್ನಿಸುವುದೇ ನನ್ನ ಕಸುಬಲ್ಲವೇ?

ಆಗ ಶುಕ್ರವಾರ ರಜೆ. ಮೂರು ಶುಕ್ರವಾರ ನನ್ನ ಡೆಲಿವರಿ ವ್ಯಾನು ಓಡಿಸಿಕೊಂಡು ಅಬುಧಾಬಿಗೆ ಹೋದೆ. ಅವಳ ಫ್ಲ್ಯಾಟಿನಲ್ಲಿ ಕುರ್ಚಿ ಎದುರುಬದುರು ಹಾಕಿ ಕೂರಿಸಿದೆ.

“ನೋಡು, ಮೊದಲ ಎರಡು ನಿಮಿಷ ನೀನು ಮಾತಾಡ್ಲಿಕ್ಕಿಲ್ಲ, ಕೇಳುದು ಮಾತ್ರ. ಅವರು ಬೇಗ ಮಾತಾಡಿದ್ರೆ ನೀನೂ ಬೇಗ. ಮೂಗಲ್ಲಿ ಮಾತಾಡಿದ್ರೆ ನೀನೂ ಮೂಗಲ್ಲಿ. ಎರಡೇ ನಿಮಿಷದಲ್ಲಿ ಇವಳು ನಮ್ಮವಳೇ ಅಂತ ಅವರಿಗೆ ಅನ್ನಿಸ್ಬೇಕು.”

“ನನ್ನ ಮುಖ ನೋಡಿದ್ರೆ ನಮ್ಮವಳು ಅಂತ ಅನ್ನಿಸ್ತದಾ?”

“ಮುಖದ ವಿಷಯ ಬಿಡು ಮಾರಾಯ್ತಿ, ಕಿವಿಯ ವಿಷಯ ಮಾತಾಡುವ.”

ಒಮ್ಮೆ ನಾನು ನ್ಯೂಯಾರ್ಕಿನವಳಾದೆ, ಒಮ್ಮೆ ಎಲ್ಲಿಯವಳು ಅಂತ ನನಗೇ ಗೊತ್ತಿಲ್ಲದ ಅಮೆರಿಕದವಳಾದೆ. ಅವಳ ರೂಮಿನ ಕೇರಳದ ನರ್ಸ್ ಅಡುಗೆಮನೆಯಿಂದ ಇಣುಕಿ, “ಚೇಚಿ, ಈ ಆಕ್ಸೆಂಟ್ ರಷ್ಯಾದ್ದಲ್ವಾ?” ಅಂತ ಕೇಳಿದಳು. ಅವಳಿಗೆ ನಾನು ಕಿವಿಗೊಡಲಿಲ್ಲ. ನೀವು ಕೊಡಿ. ಪಕ್ಕದಲ್ಲಿ ನಿಂತವರು ನಕ್ಕರೆ ಏನೋ ಹೊಲಿಗೆ ಬಿಟ್ಟಿದೆ ಅಂತಲೇ ಅರ್ಥ.

ಇಂಟರ್‌ವ್ಯೂ ಇದ್ದದ್ದು ಏಜೆನ್ಸಿಯ ಆಫೀಸಿನಲ್ಲಿ. ಅವಳ ಫ್ಲ್ಯಾಟಿನಿಂದ ನಡೆದುಹೋಗುವಷ್ಟು ಹತ್ತಿರ. ನಮಗೆ ಸಂಜೆ, ಅಲ್ಲಿ ಬೆಳಗ್ಗೆ. ಅಭ್ಯರ್ಥಿಗೆ ಮಾತ್ರ ಪ್ರವೇಶ ಅಂತ ಬಾಗಿಲಿಗೆ ಚೀಟಿ ಅಂಟಿಸಿದ್ದರು. ರಿಸೆಪ್ಷನಿನ ಹುಡುಗಿಗೆ, ನಿನ್ನ ಕೋಟಿನ ತೋಳು ಒಂದಿಂಚು ಉದ್ದವಿದೆ, ಕೊಟ್ಟರೆ ಸರಿ ಮಾಡಿ ತರುತ್ತೇನೆ ಅಂದೆ. ಹುಡುಗಿ ಚೀಟಿಯ ಕಡೆ ನೋಡಲಿಲ್ಲ. ನಾನು ಒಳಗೆ ಹೋಗಿ ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ ಗೋಡೆಯ ಬದಿಯ ಸ್ಟೂಲಿನ ಮೇಲೆ ಕೂತೆ. ತಂಗಿಗೆ ನಾನು ಕಾಣಬೇಕು, ಅವರಿಗೆ ಕಾಣಬಾರದು.

ತೆರೆಯ ಮೇಲೆ ಇಬ್ಬರು ಬಂದರು. ಒಬ್ಬ ಕನ್ನಡಕದ ಗಂಡಸು, ಆಫೀಸಿನವನು. ಇನ್ನೊಬ್ಬರು ಡಯಾಲಿಸಿಸ್ ವಿಭಾಗದ ಹೆಡ್, ಐವತ್ತೈದು ದಾಟಿದ ಬಿಳಿ ಹೆಂಗಸು, ಕಣ್ಣಿಗೆ ಸರಪಳಿ ಕಟ್ಟಿದ ಕನ್ನಡಕ. ಅವರು ಬಾಯಿ ತೆರೆದದ್ದೇ ನಾನು ಬೆರಗಾದೆ. ನಾವು ಅಭ್ಯಾಸ ಮಾಡಿದ್ದು ಪಟಪಟ ಮಾತು. ಇವರದು ನಿಧಾನ. ಒಂದೊಂದು ಪದವನ್ನೂ ಸೇವಿಗೆಯ ಎಳೆಯ ಹಾಗೆ ಉದ್ದಕ್ಕೆ ಎಳೆದು, ಕೊನೆಯಲ್ಲಿ ಸ್ವಲ್ಪ ತೂಗಿ, ಆಮೇಲೆ ಇನ್ನೊಂದು ಪದ. ಅಮೆರಿಕದ ದಕ್ಷಿಣದ ಕಡೆಯವರು ಹಾಗೆ ಮಾತಾಡುತ್ತಾರಂತೆ. ನನಗೆ ಆಗ ಗೊತ್ತಿರಲಿಲ್ಲ.

ನಾನು ತಂಗಿಗೆ ಕೈಯಲ್ಲಿ ಹಿಟ್ಟು ಎಳೆಯುವ ಹಾಗೆ ಸನ್ನೆ ಮಾಡಿದೆ. ಉದ್ದ ಮಾಡು, ಉದ್ದ.

ಪಾಪ, ಮಾಡಿದಳು. “ಯೇ…ಸ್ ಮ್ಯಾ…ಮ್, ಐ ಹ್ಯಾ…ವ್ ಟ್ವೆಲ್ವ್ ಯಿ…ಯರ್ಸ್…” ಮೊದಲ ಉತ್ತರಕ್ಕೆ ಆಕೆ ಹುಬ್ಬು ಸ್ವಲ್ಪ ಏರಿಸಿದರು. ಹಿಡಿಸಿತು ಅಂದುಕೊಂಡೆ. ಹೆಬ್ಬೆರಳು ಎತ್ತಿ ಇನ್ನೂ ಅಂದೆ. ಎರಡನೆಯ ಉತ್ತರ ಇನ್ನೂ ಉದ್ದವಾಯಿತು. ಮೂರನೆಯದಕ್ಕೆ ಗಂಡಸು ಎದುರಿನ ಕಾಗದ ನೋಡತೊಡಗಿದ. ಹೆಂಗಸು ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು.

“ನನ್ನ ಮಾತಿನ ಧಾಟಿಯನ್ನು ಅಣಕಿಸ್ತಾ ಇದ್ದೀಯಾ, ಮಗಳೇ?” ಅಂತ ಕೇಳಿದರು. ಅದನ್ನೂ ನಿಧಾನವಾಗಿಯೇ ಕೇಳಿದರು.

ತಂಗಿಯ ಮುಖ ಬಿಳುಚಿಕೊಂಡಿತು. ಅವಳು ಸುಳ್ಳು ಹೇಳಲಾರಳು, ಅದು ಅವಳ ದೊಡ್ಡ ದೋಷ. ತಿರುಗಿ ನನ್ನ ಕಡೆ ನೋಡಿದಳು.

“ಅಲ್ಲಿ ಯಾರಿದ್ದಾರೆ?” ಅಂದರು ಆಕೆ.

ಇನ್ನು ಅಡಗಿ ಪ್ರಯೋಜನ ಇಲ್ಲ. ಸ್ಟೂಲನ್ನು ಎಳೆದುಕೊಂಡು ಕ್ಯಾಮೆರಾದ ಎದುರು ಕೂತೆ. ಯಾವ ಇಂಗ್ಲಿಷಿನಲ್ಲಿ ಮಾತಾಡುವುದು ಅಂತ ಒಂದು ಕ್ಷಣ ಗೊತ್ತಾಗಲಿಲ್ಲ. ಏಳರಲ್ಲಿ ಯಾವುದು ಬಂತೋ ಅದರಲ್ಲಿ ಹೇಳಿದೆ. ಮೇಡಂ, ತಪ್ಪು ನನ್ನದು, ನಾನು ಇವಳ ಅಕ್ಕ. ನನಗೆ ಅಂಗಡಿ ಇದೆ. ನಮ್ಮಲ್ಲಿ ಬಂದವರ ಧಾಟಿಯಲ್ಲೇ ಮಾತಾಡಿದರೆ ಅವರಿಗೆ ಮರ್ಯಾದೆ ಕೊಟ್ಟ ಹಾಗೆ. ಇದು ಅಣಕ ಅಲ್ಲ, ನಿಮಗೆ ಕುರ್ಚಿ ಹಾಕಿಕೊಟ್ಟ ಹಾಗೆ ಅಂದೆ.

“ತೋರಿಸಿ ನೋಡುವಾ,” ಅಂದರು.

ತೋರಿಸಿದೆ. ಈಜಿಪ್ಟಿನ ಮುದೀರ್, ಫಿಲಿಪೈನ್ಸಿನ ಮಾಮ್, ಬ್ರಿಟಿಷ್ ಶಾಲೆಯ ಲವ್ಲಿ ಮೇಡಂ. ಚೌಕಾಶಿ ಮಾಡುವ ಪಠಾಣನಿಗೆ ನಾನು ಕೈ ಅಡ್ಡ ಹಿಡಿದು “ಖಲಾಸ್, ಲಾಸ್ಟ್ ಪ್ರೈಸ್!” ಅನ್ನುವುದನ್ನೂ ತೋರಿಸಿದೆ. ಬ್ರಿಟಿಷ್ ಮೇಡಂ ಬಂದಾಗ ಆ ಗಂಡಸು ನಕ್ಕುಬಿಟ್ಟ. ಹೆಂಗಸಿನ ತುಟಿಯೂ ಒಂದು ಬದಿಗೆ ಎಳೆಯಿತು. ಆದರೆ ಕಣ್ಣು ನಗಲಿಲ್ಲ.

ಆಮೇಲೆ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅವರು ನರ್ಸಿಂಗ್ ಓದಲು ಉತ್ತರದ ಒಂದು ದೊಡ್ಡ ಊರಿಗೆ ಹೋದಾಗ ಬಾಯಿ ತೆರೆದರೆ ಸಾಕು, ಉಳಿದವರು ನಗುತ್ತಿದ್ದರಂತೆ. ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಅಂತ ಅವರಿಂದ ಅದೇ ಪದ ಹೇಳಿಸಿ ಮಜಾ ತೆಗೆದುಕೊಳ್ಳುತ್ತಿದ್ದರಂತೆ. ಈಗಲೂ ದೂರದ ಆಫೀಸಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಇವಳಿಗೆ ತಲೆ ಸ್ವಲ್ಪ ಮಂದ ಅಂತಲೇ ಅವರು ಶುರು ಮಾಡುವುದಂತೆ. “ಆದ್ದರಿಂದ ನನ್ನ ಕಿವಿ ಈ ವಿಷಯದಲ್ಲಿ ಚುರುಕು,” ಅಂದರು.

ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಇಂಗ್ಲಿಷ್ ಅವರದೇ ಮನೆಮಾತು, ಹುಟ್ಟಿದ್ದು ಅವರದೇ ದೇಶದಲ್ಲಿ. ಅವರಿಗೂ ಹೀಗಾ? ನಾನು ಇಲ್ಲಿ ನಾಲಿಗೆ ಮಡಚುವುದು ಕಲಿಸುತ್ತಿದ್ದೇನೆ, ಅಲ್ಲಿ ಅವರವರೇ ಒಬ್ಬರ ನಾಲಿಗೆಯನ್ನು ಇನ್ನೊಬ್ಬರು ಅಳೆಯುತ್ತಿದ್ದಾರೆ.

ಆಕೆ ತಂಗಿಯ ಕಡೆ ತಿರುಗಿದರು. “ಇಲ್ಲಿ ಕೆಲವರು ನಿನ್ನ ಮುಖ ನೋಡಿಯೇ ಮಾತು ಅರ್ಥ ಆಗುದಿಲ್ಲ ಅಂತಾರೆ, ನೀನಿನ್ನೂ ಬಾಯಿ ತೆರೆದಿರುವುದಿಲ್ಲ. ಕೆಲವರು ಆಹಾ ಎಂಥ ಆಕ್ಸೆಂಟ್, ಯಾವ ಊರು ಅಂತ ದಿನಾ ಕೇಳ್ತಾರೆ. ಎರಡನ್ನೂ ನಾನು ನಿಲ್ಲಿಸಲಾರೆ. ನನಗೆ ಬೇಕಾದ್ದು ಬೇರೆ. ಮಷೀನಿನಲ್ಲಿ ಮಲಗಿದವರಿಗೆ ಬಿಪಿ ಇಳೀತಾ ಇದೆ, ಕಿವಿ ಸರಿ ಕೇಳುದಿಲ್ಲ, ಹೆದರಿದ್ದಾರೆ. ಆಗ ನಿನ್ನ ಸ್ವರ ಹೇಗಿರ್ತದೆ? ಅದನ್ನು ಕೇಳಬೇಕು. ಇವತ್ತು ಕೇಳಿದ್ದು ನಿನ್ನ ಅಕ್ಕನ ಸ್ವರ.”

ಮುಂದಿನ ಮಂಗಳವಾರ, ಇದೇ ಹೊತ್ತಿಗೆ, ಅಕ್ಕ ಕೋಣೆಯ ಹೊರಗೆ ಅಂತ ತೀರ್ಪು ಕೊಟ್ಟರು.

ನನಗೆ ಸುಮ್ಮನಿರಲು ಆಗಲಿಲ್ಲ. “ಮೇಡಂ, ಒಂದು ಐದು ನಿಮಿಷ ಇವತ್ತೇ…”

ಆಕೆ ಕೈ ಅಡ್ಡ ಹಿಡಿದರು. ನಾನು ಪಠಾಣನಿಗೆ ಹಿಡಿಯುವ ಹಾಗೆಯೇ. “ಖಲಾಸ್,” ಅಂದರು, ಸೇವಿಗೆಯ ಹಾಗೆ ಎಳೆದು. “ಲಾ…ಸ್ಟ್ ಪ್ರೈ…ಸ್.” ತೆರೆ ಕಪ್ಪಾಯಿತು.

ಬೀದಿಗೆ ಇಳಿದು ಇಬ್ಬರೂ ಅವಳ ಫ್ಲ್ಯಾಟಿನ ಕಡೆ ನಡೆದೆವು. ಎರಡು ಸಿಗ್ನಲ್ ದಾಟಿದೆವು. ಮೂರನೆಯದರಲ್ಲಿ ಕೆಂಪು ದೀಪಕ್ಕೆ ನಿಂತಾಗ ನನ್ನ ಮುಖ ನೋಡದೆ ಹೇಳಿದಳು.

“ಹನ್ನೆರಡು ವರ್ಷ ನಾನು ಯಾವ ಇಂಗ್ಲಿಷಿನಲ್ಲಿ ಕೆಲಸ ಮಾಡಿದ್ದು ಅಂತ ಒಮ್ಮೆಯಾದ್ರೂ ಕೇಳಿದ್ದುಂಟಾ ನೀನು?”

ಇಲ್ಲ, ಕೇಳಿರಲಿಲ್ಲ.

“ನಿನ್ನ ಅಂಗಡಿಗೆ ಬಂದವರು ಹತ್ತು ನಿಮಿಷ ಇದ್ದು ಹೋಗ್ತಾರೆ. ನನ್ನವರು ವಾರಕ್ಕೆ ಮೂರು ದಿನ ಬರ್ತಾರೆ, ನಾಲ್ಕು ನಾಲ್ಕು ಗಂಟೆ. ವರ್ಷಗಟ್ಟಲೆ. ನಿನಗೆ ಅದು ಇದು ಒಂದೇ ಅಂತ ಕಾಣ್ತದಾ?”

“ನಿನ್ನ ಒಳ್ಳೇದಕ್ಕೆ…”

“ಅಕ್ಕ, ಹಸಿರು ಬಂತು. ನಡಿ.”

ಆ ಭಾನುವಾರ ಅವಳ ಆಸ್ಪತ್ರೆಯ ಹತ್ತಿರ ನನಗೊಂದು ಡೆಲಿವರಿ ಇತ್ತು. ನಿಜ ಹೇಳುವುದಾದರೆ ಇರಲಿಲ್ಲ, ನಾನೇ ಹುಟ್ಟಿಸಿಕೊಂಡೆ. ಸಿಟ್ಟಿನಲ್ಲಿ ಅವಳು ಊಟ ತೆಗೆದುಕೊಂಡು ಹೋಗಿರಲಿಕ್ಕಿಲ್ಲ ಅಂತ ನೀರುದೋಸೆ, ಚಟ್ನಿ ಡಬ್ಬಿಗೆ ಹಾಕಿಕೊಂಡು ಹೋದೆ. ಡಯಾಲಿಸಿಸ್ ವಿಭಾಗದ ಹೊರಗೆ ಕಾಯುವವರಿಗೆ ಬೆಂಚು ಇದೆ. ಬಾಗಿಲು ತೆರೆದಾಗಲೆಲ್ಲ ಒಳಗಿನ ಮಾತು ಹೊರಗೆ ಬರುತ್ತಿತ್ತು. ನಾನು ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಅವಳ ಸ್ವರ ಕೇಳಿತು. ಯಾರೋ ಅರಬ್ ಅಜ್ಜನಿಗೆ ಏನೋ ಹೇಳುತ್ತಿದ್ದಳು. ಆಮೇಲೆ ಬಂಗಾಳದ ಒಬ್ಬನಿಗೆ. ಆಮೇಲೆ ಯಾರೋ ಬ್ರಿಟಿಷಿನವರಿರಬೇಕು. ಮೂವರಿಗೂ ಒಂದೇ ಇಂಗ್ಲಿಷ್! ಧಾಟಿ ನಮ್ಮ ಕಾಪುವಿನ ಶಾಲೆಯದು, ಇಸ್ತ್ರಿ ಹಾಕಿದ ಹಾಗೆ ಸಪಾಟು. ಗಿಡ್ಡ ಗಿಡ್ಡ ವಾಕ್ಯ. ಒಂದು ಹೇಳುವುದು, ನಿಲ್ಲುವುದು. ಇನ್ನೊಂದು ಹೇಳುವುದು, ನಿಲ್ಲುವುದು. ಪ್ರತಿಯೊಬ್ಬರಿಗೂ ಕೊನೆಯಲ್ಲಿ ಅದೇ ಮಾತು: “ಈಗ ನಾನು ಹೇಳಿದ್ದನ್ನು ನೀವು ನನಗೆ ಹೇಳಿ.” ಅವರು ಅವರವರ ಇಂಗ್ಲಿಷಿನಲ್ಲಿ ತಿರುಗಿ ಹೇಳುತ್ತಿದ್ದರು. ತಪ್ಪಿದರೆ ಇವಳು ಮೊದಲಿನಿಂದ, ಅದೇ ಸ್ವರದಲ್ಲಿ, ಒಂಚೂರೂ ಏರಿಸದೆ ಮತ್ತೊಮ್ಮೆ ಹೇಳುತ್ತಿದ್ದಳು.

ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದರು, ಒಳಗಿದ್ದ ಯಾರದೋ ಹೆಂಡತಿ. “ನಿಮ್ಮವರಾ ಆ ಸಿಸ್ಟರ್?” ಅಂತ ಹಿಂದಿಯಲ್ಲಿ ಕೇಳಿದರು. ತಂಗಿ ಅಂದೆ. “ಅವರ ಡ್ಯೂಟಿ ಇದ್ದ ದಿನ ನಮ್ಮವರು ಬರುವ ದಾರಿಯಲ್ಲಿ ಜಗಳ ಮಾಡುವುದಿಲ್ಲ,” ಅಂದರು.

ಹತ್ತು ನಿಮಿಷದ ಗಿರಾಕಿಗೆ ಹೊಸ ಸ್ವರ ಹಿತ. ಹೆದರಿ ಮಲಗಿದವರಿಗೆ ನಿನ್ನೆಯ ಸ್ವರವೇ ಇವತ್ತೂ ಬೇಕು. ಇಷ್ಟು ಸಣ್ಣ ವಿಷಯ ನನ್ನ ಅಳತೆಯ ಟೇಪಿಗೆ ಸಿಕ್ಕಿರಲಿಲ್ಲ. ಡಬ್ಬಿಯನ್ನು ರಿಸೆಪ್ಷನಿನಲ್ಲಿ ಕೊಟ್ಟು, ಅವಳಿಗೆ ಕಾಣಿಸಿಕೊಳ್ಳದೆ ಬಂದೆ.

ಮರುದಿನ ಅಂಗಡಿಯಲ್ಲಿ ನನಗೂ ಹುಮ್ಮಸ್ಸು ಬಂತು. ಇನ್ನು ನಾನೂ ಒಂದೇ ಇಂಗ್ಲಿಷ್, ನನ್ನದೇ ಇಂಗ್ಲಿಷ್ ಅಂತ ನಿರ್ಧರಿಸಿದೆ. ಈಜಿಪ್ಟಿನ ಮ್ಯಾನೇಜರ್ ಬಂದರು. ನಾನು ಸಪಾಟು ಸ್ವರದಲ್ಲಿ ಗಿಡ್ಡ ವಾಕ್ಯ ಹೇಳಿದೆ. ಅವರು ಬಟ್ಟೆ ನೋಡುವುದು ಬಿಟ್ಟು ನನ್ನನ್ನು ನೋಡಿದರು.

“ಮೇಡಂ, ಯು ಸಿಕ್ ಟುಡೇ? ಯು ಆಂಗ್ರಿ ವಿತ್ ಮಿ?”

“ನೋ, ಮುದೀರ್! ನೋ ಆಂಗ್ರಿ! ಕಮ್, ಸಿಟ್, ಟೀ!” ಅಂದೆ. ಅವರ ಮುಖ ಅರಳಿತು. ನನ್ನ ಪ್ರಯೋಗ ಅಲ್ಲಿಗೆ ಮುಗಿಯಿತು. ಎಲ್ಲ ಪಾಠವನ್ನೂ ಎಲ್ಲ ಅಂಗಡಿಗೂ ತರಬೇಡಿ. ಅದಿರಲಿ, ನನ್ನದೇ ಇಂಗ್ಲಿಷ್ ಅಂತ ನಾನು ಆಡಿದ್ದು ನನ್ನದಾಗಿರಲಿಲ್ಲ, ತಂಗಿಯದನ್ನು ಕದ್ದದ್ದು. ನನ್ನದು ಯಾವುದು ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಬಹುಶಃ ಆ ಏಳೂ ಸೇರಿ ಒಂದು.

ಮಂಗಳವಾರ ಅಬುಧಾಬಿಗೆ ಹೋದೆ. ಬರಬೇಡ ಅಂದಿದ್ದಳು. ರಿಸೆಪ್ಷನಿನ ಹುಡುಗಿಯ ಕೋಟು ಕೊಡಬೇಕಿತ್ತಲ್ಲ ಅಂತ ನೆಪ ಹೇಳಿದೆ. ಕೋಟು ಕೊಟ್ಟೆ. ಹುಡುಗಿ ಹಾಕಿ ನೋಡಿ, ಖುಷಿಯಾಗಿ, ಬೇಕಿದ್ದರೆ ಒಳಗೆ ಕೂರಿ ಅಂತ ಕಣ್ಣಲ್ಲೇ ಬಾಗಿಲು ತೋರಿಸಿದಳು. ನೋಡಿ, ಆ ಕ್ಷಣ ನನಗೆ ಎಷ್ಟು ಕಷ್ಟವಾಯಿತು ಅಂತ ವ್ಯಾಪಾರ ಮಾಡುವವರಿಗೆ ಮಾತ್ರ ಗೊತ್ತಾಗುತ್ತದೆ. ಬಿಟ್ಟಿಯಾಗಿ ಸಿಕ್ಕಿದ್ದನ್ನು ಬೇಡ ಅನ್ನುವುದು! ಬೇಡ ಅಂದೆ. ಕೆಳಗಿನ ಕೆಫೆಟೇರಿಯಾಕ್ಕೆ ಹೋಗಿ ಕೂತೆ.

ಅಲ್ಲಿಯ ಮಲಯಾಳಿ ಚಹಾ ತಂದಿಟ್ಟ, ಕಡಕ್. ಕುಡಿದೆ. ಇನ್ನೊಂದು ತಂದ. ಗಾಜಿನಾಚೆ ಟ್ಯಾಕ್ಸಿಗಳು, ಎರಡೂ ಬದಿಯಲ್ಲಿ ನಡೆಯುವ ಜನ. ನಾನು ಯಾರಿಗೂ ಏನೂ ಹೇಳಲಿಲ್ಲ. ಪಕ್ಕದ ಮೇಜಿನವನ ಅಂಗಿಯ ಕಾಲರು ಮಗುಚಿತ್ತು, ಅದನ್ನೂ ಹೇಳಲಿಲ್ಲ. ಮೇಲೆ ಅವಳು ಎಂತ ಹೇಳುತ್ತಿದ್ದಾಳೋ? ವಾಕ್ಯ ತೀರ ಗಿಡ್ಡವಾಯಿತೋ? ನಗಬೇಕಿದ್ದಲ್ಲಿ ನಕ್ಕಳೋ ಇಲ್ಲವೋ? ಅವಳಿಗೆ ನಗುವ ಅಭ್ಯಾಸವೇ ಇಲ್ಲವಲ್ಲ!

ನಲವತ್ತು ನಿಮಿಷದ ಮೇಲೆ ಇಳಿದು ಬಂದಳು. ನನ್ನನ್ನು ನೋಡಿ ನಿಂತು, “ನನಗೂ ಒಂದು ಚಹಾ,” ಅಂದು ಕೂತಳು.

ನಾನು ತುಟಿ ಬಿಗಿ ಹಿಡಿದೆ. ಅವಳೇ ಹೇಳಲಿ.

“ಅವರೇ ಪೇಷಂಟ್ ಆದ್ರು,” ಅಂದಳು. “ಕಿವಿ ಕೇಳದ ಅಜ್ಜಿ. ಬಿಪಿ ಇಳೀತಾ ಉಂಟು ಅಂತ ನಟನೆ. ನಾನು ಏನಾಗ್ತಿದೆ, ಏನು ಮಾಡ್ತೇನೆ ಅಂತ ಹೇಳಿದೆ. ಆಮೇಲೆ, ನಾನು ಹೇಳಿದ್ದನ್ನು ನೀವು ಹೇಳಿ ಅಂದೆ.”

“ಹೇಳಿದ್ರಾ?”

“ಹೇಳಿದ್ರು. ನನಗೆ ಒಂದು ಪದವೂ ಅರ್ಥ ಆಗ್ಲಿಲ್ಲ.”

“ಅಯ್ಯೋ ದೇವ್ರೇ! ಹೂಂ ಅಂದು ಬಿಟ್ಟಿ ಅಲ್ವಾ?”

“ಹೂಂ ಅಂದ್ರೆ ಪೇಷಂಟಿನ ಗತಿ? ಇನ್ನೊಮ್ಮೆ ಹೇಳಿ ಅಂದೆ. ಇನ್ನೊಮ್ಮೆ ಹೇಳಿದ್ರು. ಆಗ್ಲೂ ಅರ್ಥ ಆಗ್ಲಿಲ್ಲ. ನಿಧಾನ ಹೇಳಿ ಅಂದೆ.”

ಸೇವಿಗೆಯ ಹಾಗೆ ಎಳೆಯುವ ಆ ಹೆಂಗಸಿಗೆ ನಿಧಾನ ಹೇಳಿ ಅಂದಿದ್ದಾಳೆ, ನನ್ನ ತಂಗಿ! ನಾನು ತಲೆಗೆ ಕೈ ಹೊತ್ತೆ. “ಆಮೇಲೆ?”

“ಆ ಗಂಡಸು ಜೋರಾಗಿ ನಕ್ಕ. ಅವರು ನಗ್ಲಿಲ್ಲ. ಬರ್ಕೊಂಡ್ರು. ಬರ್ಕೊಂಡು, ‘ಇಷ್ಟು ವರ್ಷದಲ್ಲಿ ಮಜಾಕ್ಕಲ್ಲದೆ ನನಗೆ ಇನ್ನೊಮ್ಮೆ ಹೇಳಿ ಅಂದವಳು ನೀನೇ’ ಅಂದ್ರು.”

“ಅದು ಒಳ್ಳೇದಾ ಕೆಟ್ಟದ್ದಾ?”

“ನನಗೆಂತ ಗೊತ್ತು? ಮುಖ ಖಾಲಿ ಕಾಗದದ ಹಾಗೆ ಬಿಳಿ, ಮಾತು ಉದ್ದ,” ಅಂದು ಚಹಾದ ಲೋಟ ಎತ್ತಿದವಳು ಫಕ್ಕನೆ ನಕ್ಕಳು. ಮೂಗಿಗೆ ಚಹಾ ಏರಿತು. ನಾನೂ ನಕ್ಕೆ. ಇಬ್ಬರೂ ಚಿಕ್ಕವರಿದ್ದಾಗ ನಕ್ಕ ಹಾಗೆ, ಕೆಮ್ಮು ಬರುವ ತನಕ ನಕ್ಕೆವು. ಮಲಯಾಳಿ ನೀರು ತಂದಿಟ್ಟ.

ಎರಡು ವಾರ ಬಿಟ್ಟು ಮೇಲ್ ಬಂತು. ಆಯ್ಕೆಯಾಗಿದ್ದಳು. ಸೇರುವ ತಾರೀಖು, ಇರಲು ಮನೆ, ಎಲ್ಲದರಲ್ಲೂ ಸ್ವಲ್ಪ ಜಗ್ಗಿದರೆ ಜಾಸ್ತಿ ಸಿಗುತ್ತದೆ ಅಂತ ನನಗೆ ಖಚಿತವಿತ್ತು. ಉತ್ತರ ನಾನು ಬರೆಯುತ್ತೇನೆ ಅಂದೆ. ತಂಗಿ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಕೂತಳು.

ವೀಸಾ ಬರಲು ಮತ್ತೆ ಎರಡು ವರ್ಷಕ್ಕೂ ಮೇಲೆ ಹಿಡಿಯಿತು. ಹೋಗುವ ವಾರ ಅವಳಿಗೆ ಆರು ಜೊತೆ ಯೂನಿಫಾರ್ಮ್ ನಾನೇ ಕತ್ತರಿಸಿ ಹೊಲಿದೆ. ಅಲ್ಲಿಯವರು ಯಾವ ಬಣ್ಣ ಹಾಕುತ್ತಾರೆ ಅಂತ ಕೇಳಿಯೇ ಹೊಲಿದದ್ದು. ಈ ಸಲ ಕೇಳಿದೆ ಅನ್ನುವುದನ್ನು ದಯವಿಟ್ಟು ಗಮನಿಸಿ.

ಸೇರಿದ ಮೂರನೆಯ ವಾರ ಫೋನ್ ಮಾಡಿದಳು. ಸ್ವರ ಸಪಾಟು, ಹೋದಾಗ ಹೇಗಿತ್ತೋ ಹಾಗೇ.

“ಒಬ್ಬರು ಅಜ್ಜ ಇದ್ದಾರೆ ಇಲ್ಲಿ. ನನ್ನ ಮಾತು ಅರ್ಥ ಆಗುದಿಲ್ಲ, ಬೇರೆ ನರ್ಸನ್ನು ಕಳಿಸಿ ಅಂತಾರೆ. ನಾನು ಬರೀ ಗುಡ್ ಮಾರ್ನಿಂಗ್ ಅಂದದ್ದು.”

ನನ್ನ ನಾಲಿಗೆಯ ತುದಿಗೆ ಮೂರು ಸಲಹೆ ಒಟ್ಟಿಗೇ ಬಂದು ನಿಂತವು.

“ಅಕ್ಕ, ಬೇಡ,” ಅಂದಳು.

“ನಾನು ಎಂತದೂ ಹೇಳ್ಲಿಲ್ಲ.”

“ಉಸಿರು ತೆಗೊಂಡದ್ದು ಕೇಳಿತು.”

“ಸರಿ. ನೀನು ಎಂತ ಮಾಡಿದ್ದು ಹೇಳು.”

“ಬೇರೆಯವಳನ್ನು ಕಳಿಸಿದೆ. ಅವರ ಮಷೀನು ಅವರ ಹಕ್ಕು. ಮರುದಿನ ಪುನಃ ಹೋಗಿ ಗುಡ್ ಮಾರ್ನಿಂಗ್ ಅಂದೆ. ಪುನಃ ಬೇಡ ಅಂದ್ರು. ಪುನಃ ಕಳಿಸಿದೆ. ವಾರಕ್ಕೆ ಮೂರು ದಿನ ಬರ್ತಾರೆ, ಮೂರು ದಿನವೂ ಹೇಳ್ತೇನೆ. ಇವತ್ತು ಬೇಡ ಅನ್ಲಿಲ್ಲ. ಹೂಂ ಅಂತಲೂ ಅನ್ಲಿಲ್ಲ. ಆಚೆ ಮುಖ ಮಾಡಿ ಕೈ ಮುಂದೆ ಚಾಚಿದ್ರು, ಸೂಜಿ ಚುಚ್ಚು ಅಂತ.”

ನಾನು ಇಪ್ಪತ್ತು ವರ್ಷ ಕೌಂಟರಿನ ಹಿಂದೆ ನಿಂತು ಕಲಿತದ್ದು ಇದೊಂದನ್ನೇ. ಗಿರಾಕಿ ಮುಖ ಆಚೆ ತಿರುಗಿಸಿದ್ದಾರೆ, ಆದರೆ ಕೈ ಇನ್ನೂ ಬಟ್ಟೆಯ ಮೇಲೆ ಇದೆ. ಆಗ ಬೆಲೆ ಇಳಿಸಬಾರದು. ಧಾಟಿ ಬದಲಿಸಬಾರದು. ಸುಮ್ಮನೆ ಅಲ್ಲೇ ನಿಂತಿರಬೇಕು. ಅವಳಿಗೆ ಇದನ್ನು ಯಾರು ಕಲಿಸಿದರೋ, ನಾನಂತೂ ಕಲಿಸಿರಲಿಲ್ಲ.

“ನಾಡಿದ್ದು ಪುನಃ ಬರ್ತಾರಾ?” ಅಂತ ಮಾತ್ರ ಕೇಳಿದೆ.

“ಬರದೆ ಎಲ್ಲಿ ಹೋಗ್ತಾರೆ?” ಅಂದಳು. “ನಾನೂ ಇಲ್ಲೇ ಇರ್ತೇನೆ.”